ತೂಕ ಏರದ ಸೇತುವೆ

"ಒಬ್ಬರೂ ಒಳಗೆ ಕಾಲಿಡಂಗಿಲ್ಲ!"

ಸ್ಪರ್ಧೆಯ ಕಾವಲಿಗೆ ನೇಮಕವಾಗಿದ್ದ ಚೆಲುವಮ್ಮ ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಸಬ್ ಇನ್‌ಸ್ಪೆಕ್ಟರ್ ಹುದ್ದೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರ ದನಿ ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ಕಾಲೇಜಿನ ಕಾರಿಡಾರಿನಲ್ಲಿ ನೂಕಾಡುತ್ತಿದ್ದ ಒಂಬತ್ತು ಶಾಲೆಗಳ ಮಕ್ಕಳು ಒಮ್ಮೆಲೇ ತೆಪ್ಪಗಾದರು.

ನಿನ್ನೆ ಸಂಜೆ ಒಂಬತ್ತು ಮಾದರಿ ಸೇತುವೆಗಳನ್ನೂ ತೂಗಿ, ಈ ಕೋಣೆಯಲ್ಲಿಟ್ಟು, ಬೀಗ ಹಾಕಿ, ಬೀಗಕ್ಕೆ ಬಟ್ಟೆ ಸುತ್ತಿ ಚೆಲುವಮ್ಮನವರೇ ಅರಗಿನ ಮುದ್ರೆ ಒತ್ತಿದ್ದರು. ಇವತ್ತು ಬೆಳಿಗ್ಗೆ ಆ ಕೆಂಪು ಅರಗು ಪುಡಿಪುಡಿಯಾಗಿ ಹೊಸ್ತಿಲ ಮೇಲೆ ಬಿದ್ದಿತ್ತು. ಬೀಗ ಮಾತ್ರ ಹಾಕಿದ್ದು ಹಾಕಿದ ಹಾಗೇ ಇತ್ತು.

"ಕೀ ರಾತ್ರಿಯೆಲ್ಲ ನನ್ನ ಜೇಬಿನಲ್ಲೇ ಇತ್ತು" ಎಂದರು ಏಕಾಂತಯ್ಯ. ಸ್ಪರ್ಧೆ ನಡೆಸುತ್ತಿದ್ದ ಎಂಜಿನಿಯರುಗಳ ಟ್ರಸ್ಟಿಗೆ ಅವರೇ ಅಧ್ಯಕ್ಷರು, ಸ್ಪರ್ಧೆಗೆ ಅವರೇ ಮುಖ್ಯ ತೀರ್ಪುಗಾರರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಜೇನು.

ಬೀಗ ತೆಗೆಸಿ ಒಳಗೆ ನೋಡಿದರೆ ಒಂಬತ್ತು ಸೇತುವೆಗಳೂ ಮೇಜುಗಳ ಮೇಲೆ ನೆಟ್ಟಗೆ ನಿಂತಿದ್ದವು. ಒಂದು ಕಡ್ಡಿ ಮುರಿದಿರಲಿಲ್ಲ, ಒಂದು ಅಂಟು ಬಿಟ್ಟಿರಲಿಲ್ಲ. ಮುದ್ರೆ ಒಡೆದು ಒಳಗೆ ಬಂದವನು ಮಾಡಿದ್ದಾದರೂ ಏನು?

"ಏನು ಮಾಡಿದ್ದಾನೋ ಗೊತ್ತಿಲ್ಲದಿರುವುದೇ ಅಪಾಯ" ಎಂದು ಏಕಾಂತಯ್ಯ ತಲೆಯಾಡಿಸಿದರು. "ಯಾರ ಸೇತುವೆಗೆ ಕೈಹಚ್ಚಿದ್ದಾರೆಂದು ತಿಳಿಯದೆ ಪರೀಕ್ಷೆ ನಡೆಸಿದರೆ ನಾಳೆ ಎಲ್ಲರೂ ನನ್ನನ್ನೇ ಬೈಯುತ್ತಾರೆ. ಸ್ಪರ್ಧೆ ರದ್ದು ಮಾಡೋಣ. ಮುಂದಿನ ವರ್ಷ ನೋಡಿದರಾಯಿತು."

"ರದ್ದು ಮಾಡಂಗಿಲ್ಲ ಸರ್."

ಮಕ್ಕಳ ಗುಂಪನ್ನು ಸೀಳಿಕೊಂಡು ಮುಂದೆ ಬಂದವಳು ನಮ್ಮ ಗಗನಾ.

ನನ್ನ ಪರಿಚಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಬಿಂದುಶ್ರೀ. ಹಾನುಬಾಳಿನ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಾರೆ. ಸುಳ್ಳಲ್ಲ. ಐಸ್‌ಕ್ರೀಮ್ ಕಡ್ಡಿ ಮತ್ತು ಅಂಟು ಬಿಟ್ಟರೆ ಬೇರೇನೂ ಬಳಸದೆ ಸೇತುವೆ ಕಟ್ಟಬೇಕು, ಮಧ್ಯಕ್ಕೆ ಬಕೆಟ್ ನೇತುಹಾಕಿ ಮರಳು ಸುರಿಯುತ್ತಾರೆ, ಕಡಿಮೆ ತೂಕದ ಸೇತುವೆ ಹೆಚ್ಚು ಭಾರ ಹೊತ್ತರೆ ಗೆಲುವು. ಇಷ್ಟೇ ಆಟ. ನಮ್ಮ ಶಾಲೆಯಿಂದ ಬಂದವರು ಗಗನಾ ಮತ್ತು ಸಿದ್ದು.

ಆಟ ಎಂದೆ. ಆದರೆ ಗಗನಾಗೆ ಇದು ಆಟವಲ್ಲ. ಗೆದ್ದ ತಂಡದ ಊರಿನ ಹೊಳೆಗೆ ನಿಜವಾದ ಕಾಲುಸೇತುವೆ ಕಟ್ಟಿಕೊಡುವುದಾಗಿ ಟ್ರಸ್ಟ್ ಘೋಷಿಸಿತ್ತು. ಅವಳದು ಹೆಗ್ಗದ್ದೆಯ ಆಚೆ ನಾಲ್ಕಾರು ಮನೆಗಳ ಒಂಟಿ ಹಾಡಿ. ಹೊಳೆ ದಾಟಲು ಅಲ್ಲಿರುವುದು ಮರದ ದಿಮ್ಮಿಯ ಸಂಕ. ಒಂದು ಮಳೆಗಾಲದಲ್ಲಿ ಸಂಕ ಕೊಚ್ಚಿಹೋಗಿ, ಎಷ್ಟೋ ದಿನ ಶಾಲೆಗೆ ಬರಲಾಗದೆ, ಹುಡುಗಿಗೆ ಒಂದು ವರ್ಷವೇ ಹಾಳಾಯಿತು. ಈಗ ತಂಗಿ ಕೃತಿಕಾ ಹೈಸ್ಕೂಲಿಗೆ ಬರುವವಳಿದ್ದಾಳೆ.

"ಮುಂದಿನ ವರ್ಷ ಅಂದ್ರೆ ಇನ್ನೊಂದು ಮಳೆಗಾಲ ಸರ್" ಎಂದಳು ಗಗನಾ. "ಯಾವ ಸೇತುವೆ ಮುಟ್ಟವ್ರೆ ಅಂತ ಗೊತ್ತಾದ್ರೆ ಅದೊಂದನ್ನ ಬಿಟ್ಟು ಮಿಕ್ಕಿದ್ದಕ್ಕೆ ನಡೆಸ್ತೀರಾ?"

ಏಕಾಂತಯ್ಯ ನಕ್ಕರು. "ಗೊತ್ತಾದರೆ ತಾನೇ?"

"ಊಟದ ಹೊತ್ತಿನ ತನಕ ಟೈಮ್ ಕೊಡಿ" ಎಂದರು ಚೆಲುವಮ್ಮ. "ಒಡೆದಿರೋದು ನನ್ನ ಮುದ್ರೆ. ಗೊತ್ತು ಮಾಡೋದೂ ನನ್ನ ಕೆಲಸವೇ."

ಅಷ್ಟು ಜನರ ಮುಂದೆ ಏಕಾಂತಯ್ಯನವರು ಒಪ್ಪಲೇಬೇಕಾಯಿತು.

ನನ್ನ ಅನುಮಾನ ನೇರವಾಗಿ ಅಭಿಲಾಷನ ಮೇಲೆ ಹೋಯಿತು. ಪೇಟೆಯ ಖಾಸಗಿ ಶಾಲೆಯ ನಾಯಕ. ಬೆಳಿಗ್ಗೆ ನಾವು ಬರುವ ಮೊದಲೇ ಈ ಕಾರಿಡಾರಿನಲ್ಲಿ ಸುಳಿದಾಡುತ್ತಿದ್ದವನು ಅವನೊಬ್ಬನೇ. ಹಿಡಿದು ನಿಲ್ಲಿಸಿ ದಬಾಯಿಸಿದೆ.

"ನಾನ್ಯಾಕೆ ಒಳಗೆ ಹೋಗ್ಲಿ ಮಿಸ್?" ಎಂದ ಅವನು, ಒಂಚೂರೂ ಅಳುಕದೆ. "ನಮ್ದೇ ಎಲ್ಲಕ್ಕಿಂತ ಚೆನ್ನಾಗಿದೆ. ಕಿಟಕಿ ಜಾಲರೀಲಿ ನಮ್ಮದನ್ನ ನೋಡ್ತಿದ್ದೆ ಅಷ್ಟೆ. ಬೇಕಿದ್ರೆ ನಿಮ್ಮದನ್ನ ಹೋಗಿ ನೋಡ್ಕೊಳ್ಳಿ, ಇರುವೆ ಮುತ್ತಿದೆ."

"ಇರುವೆನಾ?" ನನಗೆ ಉರಿದುಹೋಯಿತು. "ಎಲ್ಲರಿಗೂ ಮುತ್ತಿರಬೇಕು. ನಿನ್ನ ಕಣ್ಣಿಗೆ ನಮ್ಮದೇ ಕಾಣ್ತಾ?"

"ಬುಡವ್ವ ಅವನ್ನ" ಎಂದು ಚೆಲುವಮ್ಮ ನನ್ನ ತೋಳು ಹಿಡಿದು ಎಳೆದರು. "ಬಾ, ತಕ್ಕಡಿ ತರ್ಸು."

"ತಕ್ಕಡಿ ಯಾಕೆ?"

"ಕಡ್ಡಿ ತೆಗೆದಿದ್ರೆ ತೂಕ ಇಳೀಬೇಕು. ಒಳಗೆ ಏನಾದ್ರೂ ತುರುಕಿದ್ರೆ ಏರಬೇಕು. ನನ್ನ ಕಣ್ಣಿಗೆ ಕಾಣದ್ದು ಅದಕ್ಕಾದ್ರೂ ಕಾಣ್ತದೋ ನೋಡಾನ."

ಡಿಜಿಟಲ್ ತಕ್ಕಡಿ ಬಂತು. ಚೆಲುವಮ್ಮ ನನ್ನನ್ನೂ ಗಗನಾಳನ್ನೂ ಮಾತ್ರ ಒಳಗೆ ಬಿಟ್ಟುಕೊಂಡು ಬಾಗಿಲು ಮುಚ್ಚಿದರು. ಪ್ರತಿ ಸೇತುವೆಗೂ ನಿನ್ನೆಯ ತೂಕ ಬರೆದ ರಟ್ಟಿನ ಚೂರು ಕಟ್ಟಿತ್ತು. ಮೊದಲು ಕುಂದೂರಿನ ತಂಡದ್ದನ್ನು ಇಟ್ಟೆವು. ತೂಕ ಏರಿತ್ತು, ಆರೇಳು ಗ್ರಾಂ.

"ಸಿಕ್ಕಿತು!" ಎಂದು ಕೂಗಿದೆ.

ಅಭಿಲಾಷನದನ್ನು ಇಟ್ಟರೆ ಅದೂ ಏರಿತ್ತು. ಮೂರನೆಯದೂ ಏರಿತ್ತು, ನಾಲ್ಕನೆಯದೂ ಏರಿತ್ತು. ನನಗೆ ತಲೆ ಕೆಟ್ಟುಹೋಯಿತು.

"ಎಲ್ಲರೂ ಸೇರಿಕೊಂಡು ಮೋಸ ಮಾಡಿದ್ದಾರಾ ಅಮ್ಮ?"

ಚೆಲುವಮ್ಮ ಮೇಲಕ್ಕೆ ನೋಡುತ್ತಿದ್ದರು. ಕೋಣೆಯ ಮೇಲುಕಿಟಕಿಗಳಿಗೂ ಗಾಜಿರಲಿಲ್ಲ, ಬರೀ ಜಾಲರಿ. ಹೊರಗೆ ಈಗಷ್ಟೇ ಮಂಜು ಕರಗುತ್ತಿತ್ತು. ಅವರು ಬೆರಳಿನಿಂದ ಮೇಜನ್ನು ಸವರಿ ನನಗೆ ತೋರಿಸಿದರು. ಬೆರಳು ಒದ್ದೆಯಾಗಿತ್ತು.

"ಹಿಂದೆ ಒಂದು ಕಾಫಿ ಕಳ್ಳತನದ ಕೇಸು" ಎಂದರು. "ಕದ್ದ ಮೂಟೆ ಸಿಕ್ತು, ಆದ್ರೆ ತೂಕ ಜಾಸ್ತಿ ಐತೆ. ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ನಮ್ಮ ಮೂಟೆನೇ ಅಲ್ಲ ಅಂತ ಹಟ ಹಿಡ್ದ. ಕಳ್ಳ ಅದನ್ನ ಗದ್ದೆ ಮನೇಲಿ ಥಂಡಿ ನೆಲದ ಮೇಲೆ ಇಟ್ಟಿದ್ದ ಕಣವ್ವ. ಒಣಗಿದ ಕಾಫಿ ನೀರು ಕುಡಿದಿತ್ತು."

ನಾನು ಹಣೆ ಚಚ್ಚಿಕೊಂಡೆ. ಒಣಗಿದ ಮರ ಗಾಳಿಯ ತೇವ ಹೀರುತ್ತದೆ ಎಂದು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ.

ಉಳಿದವನ್ನೂ ಒಂದೊಂದಾಗಿ ತೂಗಿದೆವು. ಎಲ್ಲವೂ ಹೆಚ್ಚುಕಡಿಮೆ ಅಷ್ಟಷ್ಟೇ ಏರಿದ್ದವು. ಕೊನೆಗೆ ಗಗನಾ ತನ್ನ ಸೇತುವೆಯನ್ನು ಎರಡೂ ಕೈಯಲ್ಲಿ ತಂದು ತಕ್ಕಡಿಯ ಮೇಲಿಟ್ಟಳು.

ಏರಿರಲಿಲ್ಲ. ನಿನ್ನೆಗಿಂತ ಹತ್ತು ಗ್ರಾಂ ಇಳಿದಿತ್ತು!

"ಕಡ್ಡಿ ಯಾವುದೂ ಹೋಗಿಲ್ಲ" ಎಂದಳು ಗಗನಾ. ಒಂದೊಂದು ಕಡ್ಡಿಯನ್ನೂ ಬೆರಳಿನಲ್ಲಿ ಮುಟ್ಟಿ ಎರಡು ಸಲ ಎಣಿಸಿದಳು. "ಎಲ್ಲಾ ಐತೆ. ಮತ್ಯಾಕೆ ಇಳೀತು?"

"ಎಂಟು ಸೇತುವೆ ರಾತ್ರಿಯೆಲ್ಲ ಈ ಕೋಣೇಲಿ ನಿಂತು ಮಂಜು ಕುಡಿದವೆ" ಎಂದರು ಚೆಲುವಮ್ಮ, ಮೆಲ್ಲಗೆ. "ನಿಂದು ಕುಡಿದಿಲ್ಲ. ಎಲ್ಲೋ ಬೆಚ್ಚಗೆ ಇತ್ತು. ನಿಮ್ಮ ಸೇತುವೆ ರಾತ್ರಿ ಇಲ್ಲಿರ್ಲಿಲ್ಲ ಮಗ."

ಒಂಬತ್ತರಲ್ಲಿ ಹೊರಗೆ ಹೋಗಿ ಬಂದದ್ದು ಒಂದೇ ಒಂದು, ಅದೂ ನಮ್ಮದು. ಕೋಣೆಯಿಂದ ಹೊರಗೆ ಹೋದ ಸೇತುವೆಗೆ ಸ್ಪರ್ಧೆಯಲ್ಲಿ ಜಾಗವಿಲ್ಲ ಎಂಬ ನಿಯಮವನ್ನು ನಿನ್ನೆ ಏಕಾಂತಯ್ಯನವರೇ ಮೈಕಿನಲ್ಲಿ ಓದಿ ಹೇಳಿದ್ದರು.

ಗಗನಾಳ ಮುಖ ಬಿಳಚಿಕೊಂಡಿತು. ಆದರೂ ಅಳಲಿಲ್ಲ.

"ಯಾರು ತಗಂಡೋದ್ರು ಅಂತ ನಂಗೆ ಗೊತ್ತಾಗ್ಬೇಕು ಅಮ್ಮ."

ಚೆಲುವಮ್ಮ ಬಗ್ಗಿ ಸೇತುವೆಯನ್ನು ಮೂಸಿದರು. ಅದರ ಮೇಲೆ ಸಾಲುಗಟ್ಟಿ ಹರಿಯುತ್ತಿದ್ದ ಕೆಂಪಿರುವೆಗಳನ್ನು ಊದಿ ಸರಿಸಿ, ಇನ್ನೊಮ್ಮೆ ಮೂಸಿದರು. ಆಮೇಲೆ ನನಗೂ ಮೂಸುವಂತೆ ಸನ್ನೆ ಮಾಡಿದರು.

ಮೂಸಿದೆ. ಬೆಣ್ಣೆ ಬಿಸ್ಕತ್ತಿನ ವಾಸನೆ. ನಮ್ಮದಕ್ಕೆ ಇರುವೆ ಮುತ್ತಿದೆ ಎಂದು ಅಭಿಲಾಷ್ ಹೇಳಿದ್ದು ನಿಜವೇ ಆಗಿತ್ತು.

ನನಗೂ ಗಗನಾಗೂ ಒಟ್ಟಿಗೇ ಹೊಳೆಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಸಿದ್ದುವಿನ ಮಾವನದು ಇದೇ ಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ಬೇಕರಿ. ಅಲ್ಲಿಯ ಸೌದೆ ಭಟ್ಟಿಯ ನೆತ್ತಿ ಹಗಲೂ ರಾತ್ರಿ ಬಿಸಿ. ಮಳೆಗಾಲ ಬಂತೆಂದರೆ ನಮ್ಮ ಶಾಲೆಯ ಅರ್ಧ ಸಾಮಾನು ಅಲ್ಲೇ ಒಣಗುವುದು. ಮಕ್ಕಳ ಶೂ, ಬ್ಯಾಗು, ನೋಟ್ಸು, ಒಮ್ಮೆ ನನ್ನ ಸ್ವೆಟರ್ ಕೂಡ. ಏನೇ ತೇವವಾಗಲಿ, ಬಿಸ್ಕತ್ತಿನ ತಟ್ಟೆಗಳ ಪಕ್ಕದಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಗರಿಗರಿ. ಅದನ್ನು ಹೊತ್ತುಕೊಂಡು ಹೋಗಿ ಬರುವವನು ಯಾವಾಗಲೂ ಸಿದ್ದುವೇ.

ಸಿದ್ದು ಕಾಲೇಜಿನ ಹಿಂದೆ, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ನಮ್ಮನ್ನು ಕಂಡದ್ದೇ ಎದ್ದು ನಿಂತ.

"ಯಾಕ್ಲಾ ಇಲ್ಲಿ ಕೂತಿದ್ದೀಯ?" ಎಂದರು ಚೆಲುವಮ್ಮ.

"ಸುಮ್ನೆ ಅಮ್ಮ."

"ಭಟ್ಟಿ ಮೇಲೆ ಎಷ್ಟೊತ್ತು ಇಟ್ಟಿದ್ದೆ?"

ಹುಡುಗ ತಲೆ ತಗ್ಗಿಸಿದ. "ಬೆಳಗಿನ ಜಾವದ ತನಕ" ಎಂದ.

ಗಗನಾ ಅವನ ಕಾಲರ್ ಹಿಡಿದುಬಿಟ್ಟಳು. "ಯಾಕೋ? ಹೇಳೋ, ಯಾಕೋ ಹಿಂಗ್ ಮಾಡ್ಬುಟ್ಟೆ? ಬಿಸಿಗೆ ಅಂಟು ಮೆತ್ತಗಾಗುತ್ತೆ ಅಂತ ಮಿಸ್ ಬಡ್ಕೊಂಡಿರ್ಲಿಲ್ವೇನೋ?"

"ಅಂಟು ಹಸಿ ಐತೆ ಅಂದ್ರು ಕಣೇ! ಬಕೆಟ್ ನೇತಾಕಿದ ತಕ್ಷಣ ಬಿದ್ದೋಗುತ್ತೆ ಅಂದ್ರು. ನಿನ್ ತಂಗಿ ನೆನಪಾಗ್ಬುಟ್ಲು. ನಂಗೆ ಏನ್ ಮಾಡ್ಬೇಕು ಅಂತ ತೋಚ್ಲಿಲ್ಲ."

"ಯಾರು ಅಂದ್ರು?" ಚೆಲುವಮ್ಮ ಗಗನಾಳ ಕೈ ಬಿಡಿಸಿದರು.

ಸಿದ್ದು ಸುತ್ತಮುತ್ತ ನೋಡಿದ.

"ಏಕಾಂತಯ್ಯ ಸರ್."

ಯಾವಾಗ, ಎಲ್ಲಿ ಎಂದು ನಾನು ಗದರಿದೆ.

"ನಿನ್ನೆ ಸಂಜೆ ಸ್ಟೇಜಿನ ಹಿಂದೆ ಕರೆದ್ರು" ಎಂದು ಅವನು ಮೂಗೊರೆಸಿಕೊಂಡ. "ಪಾಪ, ಚೆನ್ನಾಗಿ ಕಟ್ಟಿದ್ದೀರಿ, ಆದ್ರೆ ಒಣಗಿಲ್ಲ ಅಂದ್ರು. ಬಾಗಿಲು ತೆಗೆದಿರುತ್ತೆ, ತಗಂಡೋಗಿ ಒಣಗಿಸಿ ತಂದಿಡು, ಇದು ನಿನಗೂ ನನಗೂ ಇರ್ಲಿ ಅಂದ್ರು. ಮಿಸ್‌ಗೂ ಹೇಳ್ಬೇಡ, ಗಗನಂಗೂ ಹೇಳ್ಬೇಡ ಅಂದ್ರು."

"ನೀನು ಹೋದಾಗ ಬಾಗಿಲಲ್ಲಿ ಅವರಿದ್ರಾ?"

"ಯಾರೂ ಇರ್ಲಿಲ್ಲ ಅಮ್ಮ. ಬಾಗಿಲು ಮುಂದಕ್ಕೆ ಮಾಡಿತ್ತು, ಬೀಗ ಇರ್ಲಿಲ್ಲ. ತಂದಿಟ್ಟಾಗ್ಲೂ ಹಂಗೇ ಇತ್ತು."

"ಅವರು ನಿಂಗೆ ಹೇಳಿದ್ದನ್ನ ಕೇಳಿಸ್ಕೊಂಡೋರು?"

ಸಿದ್ದು ತಲೆಯಾಡಿಸಿದ. ಯಾರೂ ಇಲ್ಲ.

ಒಣಗಿರಲಿಲ್ಲ ಎಂಬುದು ಶುದ್ಧ ಸುಳ್ಳು. ಆ ಸೇತುವೆ ನಮ್ಮ ಲ್ಯಾಬಿನಲ್ಲಿ ಒಂದು ವಾರ ಒಣಗಿತ್ತು, ದಿನಾ ಬೆಳಿಗ್ಗೆ ನಾನೇ ಉಗುರಿನಲ್ಲಿ ಗೀರಿ ನೋಡುತ್ತಿದ್ದೆ. ಅಷ್ಟು ದೊಡ್ಡ ಎಂಜಿನಿಯರಿಗೆ ಇದು ಗೊತ್ತಾಗದೆ ಇರುತ್ತದೆಯೇ? ಹಾಗಾದರೆ ಹೆಗ್ಗದ್ದೆಯ ಹೊಳೆಗೆ ಸೇತುವೆ ಆಗಬಾರದೆಂದು ಅವರಿಗೆ ಯಾಕಿಷ್ಟು ತಲೆಬಿಸಿ?

ನನ್ನ ಮೈ ಉರಿಯುತ್ತಿತ್ತು. ಆದರೆ ಉರಿಯ ಜೊತೆಗೆ ಇನ್ನೊಂದು ಲೆಕ್ಕಾಚಾರವೂ ಓಡುತ್ತಿತ್ತು. ಬಾಗಿಲಾಚೆ ಯಾರೂ ತಕ್ಕಡಿ ನೋಡಿರಲಿಲ್ಲ. ಏಕಾಂತಯ್ಯನವರನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ಇಲ್ಲಿದ್ದ ನಾಲ್ವರಿಗೆ ಮಾತ್ರ, ಅವರು ಬಾಯಿಬಿಟ್ಟರೆ ತಾವೇ ಸಿಕ್ಕಿಬೀಳುತ್ತಾರೆ.

"ಅಮ್ಮ" ಎಂದೆ, ದನಿ ತಗ್ಗಿಸಿ. "ಸುಮ್ಮನಿದ್ದುಬಿಡೋಣ. ಯಾವ ಸೇತುವೆಗೂ ಏನೂ ಆಗಿಲ್ಲ ಅಂತ ಹೇಳಿಬಿಡಿ. ಪರೀಕ್ಷೆ ನಡೆಯಲಿ. ಆ ಮನುಷ್ಯನ ಆಟ ಅವನಿಗೇ ತಿರುಗಲಿ."

ಚೆಲುವಮ್ಮ ನನ್ನನ್ನು ನೋಡಿದರು. ಉತ್ತರ ಕೊಟ್ಟವಳು ಗಗನಾ.

"ಅದಾಗಲ್ಲ ಮಿಸ್."

"ನಿನ್ನ ತಂಗಿಗೋಸ್ಕರ ಹೇಳ್ತಿದ್ದೀನಿ ಕಣೇ!"

"ಗೊತ್ತು ಮಿಸ್. ಕುಂದೂರಿನ ತಂಡದ ಹುಡುಗೀರು ನಿನ್ನೆ ನನ್ನ ಪಕ್ಕ ಊಟಕ್ಕೆ ಕೂತಿದ್ರು. ಅವರ ಊರಲ್ಲೂ ಸಂಕ ಮುರಿದೋಗೈತಂತೆ. ಅವರು ನ್ಯಾಯವಾಗಿ ಕಟ್ಟಿ ತಂದವ್ರೆ. ನಾನು ಸುಮ್ನಿದ್ದು ಗೆದ್ರೆ ಅವರದನ್ನ ಕಿತ್ಕೊಂಡಂಗೆ." ಅವಳು ಜಡೆ ಬಿಗಿದುಕೊಂಡಳು. "ನಮ್ಮದು ಹೋದ್ರೆ ಹೋಗ್ಲಿ. ಸ್ಪರ್ಧೆ ರದ್ದಾಗಬಾರ್ದು. ಆದ್ರೆ ಬಾಗಿಲು ತೆಗೆದೋರು ಯಾರು ಅಂತ ಅವರ ಬಾಯಿಂದ್ಲೇ ಹೇಳಿಸ್ತೀನಿ. ಬಾರೋ ಸಿದ್ದು."

ಸಿದ್ದುವಿನ ಕೈ ಹಿಡಿದು ಹೊರಟೇಬಿಟ್ಟಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಬಿರಬಿರನೆ ಅವಳ ಹಿಂದೆ ನಡೆದೆ.

ಸಭಾಂಗಣ ತುಂಬಿತ್ತು. ಎರಡು ಕಬ್ಬಿಣದ ಸ್ಟ್ಯಾಂಡುಗಳ ನಡುವೆ ಖಾಲಿ ಜಾಗ, ಕೆಳಗೆ ಬಕೆಟ್, ಪಕ್ಕದಲ್ಲಿ ಮರಳಿನ ರಾಶಿ. ಏಕಾಂತಯ್ಯ ವೇದಿಕೆಯ ಮೇಲೆ ಕಾಫಿ ಕುಡಿಯುತ್ತಿದ್ದರು. ಗಗನಾ ಸೀದಾ ಮೈಕಿನ ಮುಂದೆ ಹೋಗಿ ನಿಂತಳು.

"ರಾತ್ರಿ ಹೊರಗೆ ಹೋಗಿದ್ದು ನಮ್ಮ ಸೇತುವೆ" ಎಂದಳು. ದನಿ ಒಂದಿಷ್ಟೂ ಅದುರಲಿಲ್ಲ. "ಸಿದ್ದು ಬೇಕರಿ ಭಟ್ಟಿ ಮೇಲೆ ಒಣಗಿಸಿ ತಂದಿಟ್ಟ. ನಮ್ಮನ್ನ ತೆಗೆದಾಕಿ. ಮಿಕ್ಕ ಎಂಟನ್ನ ಯಾರೂ ಮುಟ್ಟಿಲ್ಲ. ಚೆಲುವಮ್ಮನೋರು ತೂಕ ಹಾಕಿ ನೋಡವ್ರೆ."

ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಅಭಿಲಾಷ್ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದ.

"ಈಗ ನೀವು ಹೇಳಿ ಸರ್" ಎಂದು ಗಗನಾ ಏಕಾಂತಯ್ಯನವರ ಕಡೆ ತಿರುಗಿದಳು. "ಬಾಗಿಲು ತೆಗೆದಿರ್ತೀನಿ, ತಗಂಡೋಗು ಅಂತ ಸಿದ್ದುಗೆ ಯಾಕೆ ಹೇಳಿದ್ರಿ?"

ಏಕಾಂತಯ್ಯ ಲೋಟ ಕೆಳಗಿಟ್ಟು, ಕರವಸ್ತ್ರದಿಂದ ತುಟಿ ಒರೆಸಿಕೊಂಡು, ನಿಧಾನವಾಗಿ ಎದ್ದರು. ಮುಖದಲ್ಲಿ ಕೋಪವಿರಲಿಲ್ಲ. ದುಃಖವಿತ್ತು, ಅಥವಾ ದುಃಖದಂಥದ್ದೇನೋ ಇತ್ತು.

"ನಾನು ಆ ಹುಡುಗನ ಜೊತೆ ಮಾತನ್ನೇ ಆಡಿಲ್ಲ ಮಗು" ಎಂದರು. "ಅವನಿಗೆ ಹೀಗೆ ಹೇಳೆಂದು ಯಾರು ಕಲಿಸಿದರೋ ನನಗೆ ಗೊತ್ತು. ಹೇಳಬಾರದೆಂದಿದ್ದೆ. ಈಗ ವಿಧಿಯಿಲ್ಲ."

"ಹೇಳಿ" ಎಂದರು ಚೆಲುವಮ್ಮ.

"ಆ ಬೀಗಕ್ಕೆ ಎರಡು ಕೀ. ಇನ್ನೊಂದನ್ನು ನಿನ್ನೆ ಸಂಜೆ ಒಬ್ಬರು ಬೇಡಿ ಇಸಿದುಕೊಂಡರು. ತಮ್ಮ ಮಕ್ಕಳ ಸೇತುವೆಯ ಒಂದು ಕಡ್ಡಿ ಸಡಿಲವಾಗಿದೆ, ಅಂಟಿಸಿ ತಕ್ಷಣ ಕೊಡುತ್ತೇನೆ ಎಂದರು. ಹೆಣ್ಣುಮಗಳು, ಮೇಲಾಗಿ ಶಿಕ್ಷಕಿ, ನಂಬಿ ಕೊಟ್ಟೆ. ತಪ್ಪು ನನ್ನದೇ." ಅವರ ಕಣ್ಣು ನನ್ನ ಮೇಲೆ ನಿಂತಿತು. "ಬಿಂದುಶ್ರೀ ಮೇಡಂ, ಮಕ್ಕಳನ್ನು ಮುಂದೆ ಬಿಟ್ಟು ನೀವು ಹಿಂದೆ ನಿಲ್ಲಬೇಡಿ. ಕೀ ಕೊಟ್ಟುಬಿಡಿ."

"ಏನಂದ್ರಿ?" ನನ್ನ ಕೂಗಿಗೆ ಮೈಕ್ ಕೀರಲಿಟ್ಟಿತು. "ನಾನು ನಿಮ್ಮ ಹತ್ತಿರ ಕೀ ಕೇಳಿದ್ನಾ? ಹಸಿ ಸುಳ್ಳು! ಎಲ್ಲಿದೆ ಕೀ? ನೋಡಿ, ಎಲ್ಲರೂ ಕಣ್ಣುಬಿಟ್ಟು ನೋಡಿ!"

ಬೆಳಗಿನಿಂದ ವೇದಿಕೆಯ ಪಕ್ಕದ ಕುರ್ಚಿಯ ಮೇಲೇ ಬಿಟ್ಟಿದ್ದ ನನ್ನ ಹೆಗಲ ಚೀಲವನ್ನು ಕೋಪದ ಭರದಲ್ಲಿ ಎತ್ತಿ ಮೇಜಿನ ಮೇಲೆ ತಲೆಕೆಳಗು ಮಾಡಿ ಕೊಡವಿದೆ. ಬಾಚಣಿಗೆ, ಊಟದ ಡಬ್ಬಿ, ಕೆಂಪು ಪೆನ್ನು, ಚಾಕ್‌ಪೀಸಿನ ಚೂರುಗಳು ಉರುಳಿದವು.

ಕೊನೆಗೆ ಠಣ್ ಎಂದು ಒಂದು ಹಿತ್ತಾಳೆ ಕೀ ಬಿತ್ತು.

ನಾನು ಹಿಂದೆಂದೂ ಕಂಡಿರದ ಕೀ. ಚೆಲುವಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಹಲ್ಲುಗಳ ಸಂದಿಯಲ್ಲಿ ಕೆಂಪು ಅರಗಿನ ಪುಡಿ ಕೂತಿತ್ತು.

"ಅಮ್ಮ, ಇದು ನನ್ನದಲ್ಲ" ಎಂದೆ. "ದೇವರಾಣೆ ನನಗೆ ಗೊತ್ತಿಲ್ಲ."

ಚೆಲುವಮ್ಮ ಕೀಯನ್ನು ಕರವಸ್ತ್ರದಲ್ಲಿ ಸುತ್ತಿದರು. ಇಷ್ಟು ಹೊತ್ತು ನನ್ನ ಪಕ್ಕದಲ್ಲಿ ನಿಂತಿದ್ದವರು ಬಂದು ನನ್ನ ಎದುರಿಗೆ ನಿಂತರು.

ಅವರು ಏನು ಬೇಕಾದರೂ ಕೇಳಲಿ, ಉತ್ತರ ಕೊಡುವ ಧೈರ್ಯ ನನಗಿತ್ತು. ಆದರೆ ಮೈಕ್ ಬಿಟ್ಟು ನನ್ನ ಹತ್ತಿರ ಬಂದವಳು ಗಗನಾ. ಬೆಳಗಿನಿಂದ ಒಂದು ಹನಿ ಉದುರಿಸದಿದ್ದ ಹುಡುಗಿಯ ಕಣ್ಣು ತುಂಬಿಹೋಗಿತ್ತು.

"ಆಗ್ಲೇ ಸುಮ್ನಿದ್ದುಬಿಡೋಣ ಅಂದ್ರಲ್ಲ ಮಿಸ್" ಎಂದು ಕೇಳಿದಳು. "ಅದು ಇದಕ್ಕೇನಾ?"